ಹಾಡು ಓಡಿತು, ಲೆಕ್ಕ ಕುಂಟಿತು: ‘ಕ್ಯುಪಿಡ್’ ಎಂಬ ಸಿಂಗಲ್‌ನ ಒಳಗಣಿತ

‘ಕ್ಯುಪಿಡ್’ ಹಾಡನ್ನು ನಾನು ಮೊದಲು ಕೇಳಿದ್ದೇ ತಪ್ಪು ವೇಗದಲ್ಲಿ. 2023ರಲ್ಲಿ ಮೊಬೈಲ್ ಮೇಲೆ ಬೆರಳು ಸರಿಸುತ್ತಾ ಕೂತವರಿಗೆಲ್ಲ ಆ ದನಿ ನೆನಪಿರುತ್ತದೆ. ಯಾರೋ ಟೇಪನ್ನು ಜೋರಾಗಿ ತಿರುಗಿಸಿದ ಹಾಗೆ ಸಣ್ಣ ಗಂಟಲು, ಚುರುಕು ತಾಳ, ಮಧ್ಯೆ ಒಂದು ‘ಲಾ ಲಾ ಲಾ’. ಬೆಕ್ಕಿನ ವಿಡಿಯೊಗೂ ಅದೇ, ಮೇಕಪ್ ವಿಡಿಯೊಗೂ ಅದೇ. ಕೆಲವು ವಾರ ಬಿಟ್ಟು ಅಸಲಿ ಹಾಡು ಸಿಕ್ಕಿತು. ಹಾಕಿದೆ. ಇದೇನಪ್ಪಾ, ಬ್ಯಾಟರಿ ಮುಗೀತಾ ಇದೆಯಾ ಅನ್ನಿಸಿತು. ಎರಡನೇ ಸಲ ಕೇಳಿದಾಗ ಆ ನಿಧಾನವೇ ಇಷ್ಟವಾಯಿತು. ಪ್ರೀತಿ ಮಾಡಿಸಬೇಕಾದ ದೇವರೇ ದಡ್ಡ ಎಂದು ಒಬ್ಬ ಹುಡುಗಿ ಮುನಿಸಿಕೊಳ್ಳುವ ಹಾಡು ಅದು. ಮುನಿಸಿಗೆ ಅವಸರ ಇರುವುದಿಲ್ಲ ಅಲ್ವಾ.

ಈ ವೇಗದ ವಿಚಾರವನ್ನು ಸುಮ್ನೆ ಎತ್ತಿಲ್ಲ. ಮೂರು ನಿಮಿಷವೂ ಇಲ್ಲದ ಈ ಹಾಡು ದಕ್ಷಿಣ ಕೊರಿಯಾದ ಒಂದು ಗರ್ಲ್ ಗ್ರೂಪನ್ನು ಕೆಲವೇ ವಾರಗಳಲ್ಲಿ ಜಗತ್ತಿಗೆಲ್ಲ ಪರಿಚಯಿಸಿತು. ಅದಾಗಿ ಕೆಲವೇ ವಾರಗಳಲ್ಲಿ ಆ ಗುಂಪು ಕೋರ್ಟಿನಲ್ಲಿ ನಿಂತಿತ್ತು. ‘ದುಡ್ಡು ಬಂತು, ಜಗಳ ಬಂತು’ ಎಂದು ಎಲ್ಲರೂ ಷರಾ ಬರೆದರು. ನನಗೆ ಕಾಣುವುದು ಬೇರೆ. ಆಗ ಬಂದದ್ದು ಹೆಸರು. ದುಡ್ಡು ಇನ್ನೂ ದಾರಿಯಲ್ಲಿತ್ತು. ಜಗಳ ಹುಟ್ಟಿದ್ದು ಆ ನಡುವಿನ ಸಂದಿಯಲ್ಲಿ. ಕೊರಿಯಾದ ಪಾಪ್ ಸಂಗೀತದ, ಅಂದರೆ ಕೆ-ಪಾಪ್‌ನ, ಗುಂಪುಗಳು ಒಂದಾದ ಮೇಲೊಂದರಂತೆ ಕೋರ್ಟು ಹತ್ತುತ್ತಿರುವ ಈ ಹೊತ್ತಿನಲ್ಲಿ ಆ ಸಂದಿಯೊಳಗೆ ಇಣುಕಿ ನೋಡಬೇಕು.

ಗುಂಪಿನ ಹೆಸರು ಫಿಫ್ಟಿ ಫಿಫ್ಟಿ. ಸೇನಾ, ಆರಾನ್, ಕೀನಾ, ಶಿಯೋ ಎಂಬ ನಾಲ್ವರು. ಅರ್ಧ ಕನಸು, ಅರ್ಧ ವಾಸ್ತವ, ಎರಡೂ ಸೇರಿದರೆ ನೂರು ಎಂಬುದು ಹೆಸರಿಗೆ ಕೊಟ್ಟ ವಿವರಣೆ. ಮುಂದೆ ಪಾಲಿನ ಜಗಳದಲ್ಲೇ ಹೆಸರು ಮಾಡಬೇಕಾದ ಗುಂಪಿಗೆ ಇದಕ್ಕಿಂತ ವಿಚಿತ್ರ ಹೆಸರು ಬೇಕಾ! 2022ರ ನವೆಂಬರ್ 18ರಂದು ಅವರ ಡೆಬ್ಯೂ, ಅಂದರೆ ಮೊದಲ ಪ್ರವೇಶ, ಆಯಿತು. ಅವರನ್ನು ತಯಾರು ಮಾಡಿ ಮುಂದೆ ತಂದ ಏಜೆನ್ಸಿ ಅಟ್ರಾಕ್ಟ್. ಹೈಬ್, ಎಸ್ಎಂ, ಜೆವೈಪಿ, ವೈಜಿ ಎಂಬ ನಾಲ್ಕು ದೊಡ್ಡ ಕಂಪನಿಗಳ ಪಕ್ಕದಲ್ಲಿ ಇದು ಒಂದು ಸಣ್ಣ ಅಂಗಡಿ. ಕೈಯಲ್ಲಿ ಇದ್ದದ್ದು ಈ ಒಂದೇ ಗುಂಪು. ಮೊದಲ ಆಲ್ಬಂ ಬಂತು, ವಿಮರ್ಶಕರು ಮೆಚ್ಚಿದರು, ಜನ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

2023ರ ಫೆಬ್ರವರಿ 24ಕ್ಕೆ ‘ಕ್ಯುಪಿಡ್’ ಬಂತು. ಆ ಸಿಂಗಲ್‌ನಲ್ಲಿ, ಅಂದರೆ ಒಂದೇ ಹಾಡಿನ ಬಿಡುಗಡೆಯಲ್ಲಿ, ಎರಡು ರೂಪ ಇದ್ದವು. ಒಂದು ಕೊರಿಯನ್ ಹಾಡು. ಅದರಲ್ಲಿ ರಾಪ್ ಇದೆ, ನಾಲ್ವರ ದನಿಯೂ ಇದೆ. ಇನ್ನೊಂದು ‘ಟ್ವಿನ್ ವರ್ಷನ್’ ಎಂಬ ಇಂಗ್ಲಿಷ್ ಹಾಡು. ಅದರಲ್ಲಿ ರಾಪ್ ಇಲ್ಲ, ಆರಾನ್ ಮತ್ತು ಶಿಯೋ ಇಬ್ಬರೇ ಹಾಡಿದ್ದಾರೆ. ಲೋಕ ಸುತ್ತಿದ್ದು ಈ ಎರಡನೆಯದು. ಅದರಲ್ಲೂ ಟಿಕ್‌ಟಾಕ್‌ನಲ್ಲಿ ವೇಗ ಹೆಚ್ಚಿಸಿದ ತುಣುಕು. ಯಾರು ಹಾಡಿದ್ದು, ಯಾವ ದೇಶದವರು, ಗುಂಪಿನಲ್ಲಿ ಎಷ್ಟು ಜನ ಎಂದು ಗೊತ್ತಿಲ್ಲದೆಯೇ ಲಕ್ಷಾಂತರ ಮಂದಿ ಅದನ್ನು ಬಳಸಿದರು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಏಪ್ರಿಲ್ 1ರ ದಿನಾಂಕ ಹೊತ್ತು ಮಾರ್ಚ್ ಕೊನೆಯಲ್ಲೇ ಹೊರಬಿದ್ದ, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಹಾಡು ಸರಿಯಾಗಿ 100ನೇ ಸ್ಥಾನದಲ್ಲಿ, ಬಾಗಿಲ ಹೊಸಿಲ ಮೇಲೆ, ಕಾಣಿಸಿಕೊಂಡಿತು. ಡೆಬ್ಯೂ ಆಗಿ ಆಗಿನ್ನೂ 130 ದಿನ. ಅಷ್ಟು ಬೇಗ ಯಾವ ಕೆ-ಪಾಪ್ ಗುಂಪೂ ಅಲ್ಲಿಗೆ ಹೋಗಿರಲಿಲ್ಲ. ಅಲ್ಲಿಂದ 17ರವರೆಗೆ ಏರಿತು. ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನ. ಅಮೆರಿಕದ ಪಟ್ಟಿಯಲ್ಲಿ 25 ವಾರ ಕೂತಿತ್ತು. ಕೆ-ಪಾಪ್‌ನ ಹೆಸರಾಂತ ಗರ್ಲ್ ಗ್ರೂಪ್ ಬ್ಲ್ಯಾಕ್‌ಪಿಂಕ್‌ನ ಯಾವ ಹಾಡೂ ಆವರೆಗೆ ಅಷ್ಟು ದಿನ ಅಲ್ಲಿ ನಿಂತಿರಲಿಲ್ಲ. ಅಮೆರಿಕದ ಗಾಯಕಿ ಸಬ್ರಿನಾ ಕಾರ್ಪೆಂಟರ್ ಸೇರಿ ಹಾಡಿದ ಇನ್ನೊಂದು ರೂಪವೂ ಬಂತು. ‘ಬಾರ್ಬಿ’ ಸಿನಿಮಾದ ಆಲ್ಬಂಗೆ ಒಂದು ಹಾಡು ಹಾಡಲು ಕರೆ ಬಂತು. ಕೊರಿಯಾದ ಪತ್ರಿಕೆಗಳು ‘ಸಣ್ಣ ಏಜೆನ್ಸಿಯ ಪವಾಡ’ ಎಂದು ಬರೆದವು.

ಜೂನ್ 19ಕ್ಕೆ ನಾಲ್ವರೂ ಕೋರ್ಟಿಗೆ ಹೋದರು. ಏಜೆನ್ಸಿಯ ಜೊತೆಗಿನ ಒಪ್ಪಂದವನ್ನು ತಡೆಹಿಡಿಯಿರಿ ಎಂದು ಕೇಳಿದರು. ಸಿಂಗಲ್ ಬಂದು ಆಗ 115 ದಿನ. ಒಪ್ಪಂದಗಳು ಏಳು ವರ್ಷ ಲೆಕ್ಕ ಹಾಕಿ ಬರೆಯುವ ಉದ್ಯಮದಲ್ಲಿ, ಡೆಬ್ಯೂ ಆದ ಏಳು ತಿಂಗಳಿಗೇ ಎಲ್ಲ ಮುರಿದು ಬಿತ್ತು.

ಅವರು ಕೊಟ್ಟ ಕಾರಣಗಳು ಮುಖ್ಯವಾಗಿ ಮೂರು. ದುಡ್ಡಿನ ಲೆಕ್ಕ ಸರಿಯಾಗಿ ತೋರಿಸುತ್ತಿಲ್ಲ. ಆರೋಗ್ಯ ಕೆಟ್ಟಿದ್ದರೂ ಕೆಲಸಕ್ಕೆ ಒತ್ತಾಯ ಮಾಡುತ್ತಾರೆ. ನಮ್ಮನ್ನು ಬೆಳೆಸುವ ಶಕ್ತಿ ಈ ಕಂಪನಿಗೆ ಇಲ್ಲ. ಏಜೆನ್ಸಿ ಹೇಳಿದ್ದೇ ಬೇರೆ: ಹೊರಗಿನವರು ಹುಡುಗಿಯರ ತಲೆ ಕೆಡಿಸಿದ್ದಾರೆ, ನಮ್ಮಿಂದ ಕಿತ್ತುಕೊಂಡು ಹೋಗಲು ನೋಡುತ್ತಿದ್ದಾರೆ. ಅದು ಬೊಟ್ಟು ಮಾಡಿದ್ದು ಹಾಡನ್ನು ತಯಾರಿಸಿದ ‘ದ ಗಿವರ್ಸ್’ ಎಂಬ ಸಂಸ್ಥೆಯ ಕಡೆಗೆ ಮತ್ತು ಹೊರದೇಶಗಳಿಗೆ ಹಾಡನ್ನು ಹಂಚುತ್ತಿದ್ದ ವಾರ್ನರ್ ಮ್ಯೂಸಿಕ್ ಕೊರಿಯಾ ಕಡೆಗೆ. ಇಬ್ಬರೂ ಅದನ್ನು ಅಲ್ಲಗಳೆದರು. ಇದಕ್ಕೆ ಕೊರಿಯಾದಲ್ಲಿ ಬಳಸುವ ಪದ ‘ಟ್ಯಾಂಪರಿಂಗ್’. ಆಟದ ತಂಡಗಳು ಇನ್ನೊಬ್ಬರ ಆಟಗಾರನನ್ನು ಒಪ್ಪಂದ ಇರುವಾಗಲೇ ಸೆಳೆಯುವುದಕ್ಕೆ ಇದ್ದ ಪದ ಹಾಡಿನ ಲೋಕಕ್ಕೆ ಬಂದು ಗಟ್ಟಿಯಾಗಿ ಕೂತಿದೆ.

ಯಾರು ಯಾರ ತಲೆ ಕೆಡಿಸಿದರು ಎಂಬುದರ ಬಗ್ಗೆ ನಾನು ಬರೆಯಲು ಹೋಗುವುದಿಲ್ಲ. ಅದಕ್ಕೆ ಕೋರ್ಟುಗಳಿವೆ. ನನಗೆ ಕುತೂಹಲ ಇರುವುದು ಇಷ್ಟರ ಬಗ್ಗೆ: ಹಾಡು ಇಡೀ ಜಗತ್ತಿನಲ್ಲಿ ಮೊಳಗುತ್ತಿರುವಾಗ ಹಾಡಿದವರ ಕೈಯಲ್ಲಿ ದುಡ್ಡು ಯಾಕಿರಲಿಲ್ಲ?

ಒಂದು ಹಾಡು ಅಂದರೆ ಕಾನೂನಿನ ಕಣ್ಣಿಗೆ ಎರಡು ವಸ್ತು. ಮೊದಲನೆಯದು ಹಾಡಿನ ಸಾಹಿತ್ಯ ಮತ್ತು ರಾಗ. ಅದು ಬರೆದವರದ್ದು, ಅಥವಾ ಅವರಿಂದ ಕೊಂಡವರದ್ದು. ಎರಡನೆಯದು ಸ್ಟುಡಿಯೊದಲ್ಲಿ ರೆಕಾರ್ಡ್ ಆದ ದನಿ, ಉದ್ಯಮದವರು ‘ಮಾಸ್ಟರ್’ ಎನ್ನುವುದು. ಅದು ರೆಕಾರ್ಡಿಂಗ್‌ಗೆ ದುಡ್ಡು ಹಾಕಿದವರದ್ದು, ಸಾಮಾನ್ಯವಾಗಿ ಏಜೆನ್ಸಿಯದ್ದು. ಹಾಡಿದ ಹುಡುಗಿ ಈ ಎರಡರಲ್ಲಿ ಯಾವುದರ ಮಾಲೀಕಳೂ ಅಲ್ಲ. ಗಂಟಲು ಅವಳದ್ದು, ಗಂಟಲಿನಿಂದ ಬಂದದ್ದು ಇನ್ನೊಬ್ಬರದ್ದು. ಅವಳಿಗೆ ಬರುವುದು ಒಪ್ಪಂದದಲ್ಲಿ ಬರೆದಷ್ಟು ಪಾಲು ಮಾತ್ರ. ನಾಲ್ವರಲ್ಲಿ ಕೀನಾಗೆ ಮಾತ್ರ ಬರಹಗಾರರ ಪಟ್ಟಿಯಲ್ಲಿ ಹೆಸರಿದೆ, ಅದೂ ಉಳಿದ ಹಲವರ ಜೊತೆ.

ಅಮೆರಿಕದ ರೇಡಿಯೊ ವಿಚಾರ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಅಲ್ಲಿನ ಎಎಂ, ಎಫ್ಎಂ ಸ್ಟೇಷನ್‌ಗಳು ಒಂದು ಹಾಡು ಹಾಕಿದರೆ ಬರೆದವರಿಗೆ ದುಡ್ಡು ಕೊಡಬೇಕು. ಹಾಡಿದವರಿಗೆ ಕೊಡಬೇಕಾಗಿಲ್ಲ. ಕಾನೂನೇ ಹಾಗಿದೆ. ಹಾಟ್ 100 ಪಟ್ಟಿಯನ್ನು ಲೆಕ್ಕ ಹಾಕುವಾಗ ರೇಡಿಯೊವನ್ನೂ ಸೇರಿಸುತ್ತಾರೆ. ಅಂದರೆ ಪಟ್ಟಿಯಲ್ಲಿ ಮೇಲೇರಿಸುವ ರೇಡಿಯೊ ಹಾಡಿದವರ ಜೇಬಿಗೆ ಒಂದು ಕಾಸೂ ಹಾಕುವುದಿಲ್ಲ.

ಸ್ಟ್ರೀಮಿಂಗ್ ದುಡ್ಡು ಬರುತ್ತದೆ, ಆದರೆ ನಡೆದುಕೊಂಡು ಬರುತ್ತದೆ. ಇವತ್ತು ನೀವು ಹಾಡು ಹಾಕಿದರೆ ಒಂದು ಸೆಂಟ್‌ಗಿಂತ ಕಡಿಮೆ ಮೊತ್ತ ಲೆಕ್ಕಕ್ಕೆ ಬೀಳುತ್ತದೆ. ಆ್ಯಪ್‌ನವರು ತಿಂಗಳ ಲೆಕ್ಕ ಮುಗಿಸಿ ಹಂಚಿಕೆದಾರರಿಗೆ ಕೊಡುತ್ತಾರೆ. ಹಂಚಿಕೆದಾರರು ತಮ್ಮ ಪಾಲು ಹಿಡಿದುಕೊಂಡು ಏಜೆನ್ಸಿಗೆ ಕಳಿಸುತ್ತಾರೆ. ಏಜೆನ್ಸಿ ಒಪ್ಪಂದದಲ್ಲಿ ಹೇಳಿದ ದಿನಾಂಕಕ್ಕೆ ಲೆಕ್ಕ ಮಾಡುತ್ತದೆ. ಹೊರದೇಶದ ದುಡ್ಡಾದರೆ ಇನ್ನೂ ಒಂದೆರಡು ಕೈ ಜಾಸ್ತಿ. ತಿಂಗಳುಗಳು ಹೀಗೇ ಕಳೆಯುತ್ತವೆ. ಮಾರ್ಚ್ ಕೊನೆಯಲ್ಲಿ ಪಟ್ಟಿಗೆ ಬಂದ ಹಾಡಿನ ದುಡ್ಡನ್ನು ಜೂನ್ ನಡುವಿನಲ್ಲಿ ಎಲ್ಲಿ ಎಂದು ಕೇಳಿದರೆ, ದಾರಿಯಲ್ಲಿದೆ ಎಂಬ ಉತ್ತರ ಸುಳ್ಳೇ ಆಗಿರಬೇಕಾಗಿಲ್ಲ. ಆದರೆ ಇಡೀ ಊರು ತನ್ನ ಹಾಡನ್ನು ಗುನುಗುವುದನ್ನು ಕೇಳುತ್ತಿರುವ ಇಪ್ಪತ್ತರ ಆಸುಪಾಸಿನ ಹುಡುಗಿಗೆ ಆ ಉತ್ತರ ಸುಳ್ಳಿನ ಹಾಗೇ ಕೇಳಿಸುತ್ತದೆ.

ದುಡ್ಡು ಬಂದು ತಲುಪಿದ ಮೇಲಾದರೂ ಕೈಗೆ ಬರುತ್ತದಾ? ಅದೂ ಇಲ್ಲ. ಮೊದಲು ಸಾಲ ತೀರಬೇಕು. ಟ್ರೈನಿಯಾಗಿದ್ದ ವರ್ಷಗಳ ಮನೆ ಬಾಡಿಗೆ, ಊಟ, ಹಾಡು-ಕುಣಿತದ ಪಾಠ, ಆಮೇಲೆ ಮ್ಯೂಸಿಕ್ ವಿಡಿಯೊ, ಬಟ್ಟೆ, ಮೇಕಪ್, ಪ್ರಚಾರ. ಇದರಲ್ಲಿ ಎಷ್ಟು ಹುಡುಗಿಯರ ತಲೆಗೆ ಬೀಳುತ್ತದೆ ಎಂಬುದು ಏಜೆನ್ಸಿಯಿಂದ ಏಜೆನ್ಸಿಗೆ ಬದಲಾಗುತ್ತದೆ. ಪದ್ಧತಿ ಮಾತ್ರ ಒಂದೇ: ಹಾಕಿದ ಬಂಡವಾಳ ವಾಪಸ್ ಬಂದ ಮೇಲೆ ಪಾಲು.

ಇಲ್ಲಿ ಒಂದು ಸಣ್ಣ ಗುಣಾಕಾರ ಮಾಡೋಣ, ಬೇರೆ ಗುಂಪಿನ ಉದಾಹರಣೆ ಇಟ್ಟುಕೊಂಡು. ಲೂನಾ ಎಂಬ ಗರ್ಲ್ ಗ್ರೂಪಿನಲ್ಲಿದ್ದ ಚೂ ಅವರ ಒಪ್ಪಂದದ ವಿವರ 2022ರ ಕೊನೆಯಲ್ಲಿ ಹೊರಬಿತ್ತು. ಆದಾಯದಲ್ಲಿ ಏಜೆನ್ಸಿಗೆ 70, ಗಾಯಕಿಗೆ 30. ಕೇಳಲು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ, ಹೊಸಬರಿಗೆ ಇದ್ದದ್ದೇ. ಆದರೆ ಖರ್ಚನ್ನು ಹಂಚಿಕೊಳ್ಳುವುದು 50-50. ಈಗ 100 ಬಂತು ಅಂದುಕೊಳ್ಳಿ, 70 ಖರ್ಚಾಯಿತು. ಗಾಯಕಿಗೆ ಆದಾಯದ ಪಾಲು 30. ಅವಳ ತಲೆಗೆ ಬಿದ್ದ ಖರ್ಚು 35. ಕೈಗೆ ಬಂದದ್ದು ಸೊನ್ನೆಗಿಂತ 5 ಕಡಿಮೆ. ಏಜೆನ್ಸಿಗೆ ಆದಾಯ 70, ಖರ್ಚು 35, ಉಳಿದದ್ದು 35. ಗಮನಿಸಿ, ಒಟ್ಟಾರೆ ವ್ಯವಹಾರದಲ್ಲಿ 30 ಲಾಭ ಇದೆ. ಲಾಭ ಇದ್ದರೂ ಹಾಡಿದವಳು ಸಾಲಗಾರ್ತಿ. ಖರ್ಚು 60 ದಾಟಿದ ಕ್ಷಣದಿಂದ ಅವಳು ಎಷ್ಟು ಹೆಚ್ಚು ಕೆಲಸ ಮಾಡುತ್ತಾಳೋ ಅಷ್ಟು ಸಾಲ ಬೆಳೆಯುತ್ತದೆ. ಎಂಟನೇ ಕ್ಲಾಸಿನ ಗಣಿತ, ಆದರೆ ಸಹಿ ಹಾಕುವಾಗ ಪೆನ್ನು ಹಿಡಿದು ಇದನ್ನು ಮಾಡಿ ನೋಡುವವರು ಯಾರು?

ಚೂ ಆ ಒಪ್ಪಂದದ ವಿರುದ್ಧ ಕೋರ್ಟಿಗೆ ಹೋಗಿ 2023ರ ಆಗಸ್ಟ್‌ನಲ್ಲಿ ಗೆದ್ದರು. ಅದೇ ತಿಂಗಳ 28ರಂದು ಫಿಫ್ಟಿ ಫಿಫ್ಟಿ ಹುಡುಗಿಯರು ಸೋತರು. ಒಂದೇ ದೇಶ, ಒಂದೇ ಉದ್ಯಮ, ಒಂದೇ ತಿಂಗಳು, ಎರಡು ಉತ್ತರ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಕೋರ್ಟು ಏನನ್ನು ನೋಡುತ್ತದೆ ಎಂಬುದು ತಿಳಿಯುತ್ತದೆ.

ಲೂನಾ ವಿಷಯದಲ್ಲಿ ತಪ್ಪು ಕಾಗದದ ಮೇಲೇ ಇತ್ತು. ಹಂಚಿಕೆಯ ಸೂತ್ರವೇ ವಕ್ರ. ಫಿಫ್ಟಿ ಫಿಫ್ಟಿ ವಿಷಯದಲ್ಲಿ ದೂರು ಇದ್ದದ್ದು ಏಜೆನ್ಸಿ ನಡೆದುಕೊಂಡ ರೀತಿಯ ಬಗ್ಗೆ: ಲೆಕ್ಕ ಕೊಡಲಿಲ್ಲ, ಕಾಳಜಿ ಮಾಡಲಿಲ್ಲ. ಸಿಯೋಲ್ ಕೇಂದ್ರ ಜಿಲ್ಲಾ ನ್ಯಾಯಾಲಯ ಮೊದಲು ರಾಜಿ ಮಾಡಿಸಲು ನೋಡಿತು, ಆಗಲಿಲ್ಲ. ಆಮೇಲೆ ಅರ್ಜಿಯನ್ನು ತಳ್ಳಿಹಾಕಿತು. ಅದು ಹೇಳಿದ್ದರ ತಿರುಳು ಇಷ್ಟು: ಲೆಕ್ಕದಲ್ಲಿ ಮೋಸ ಆಗಿದೆ ಎಂಬುದಕ್ಕೆ ಸಾಕಷ್ಟು ಆಧಾರ ಇಲ್ಲ, ಬಿಟ್ಟುಹೋಗಿದ್ದನ್ನು ಏಜೆನ್ಸಿ ಸರಿಪಡಿಸಿದೆ, ಮತ್ತು ಸರಿಪಡಿಸಿ ಎಂದು ಮೊದಲು ಕೇಳಿ ಅವಕಾಶ ಕೊಡದೆ ನೇರವಾಗಿ ಒಪ್ಪಂದ ಮುಗಿಯಿತು ಎಂದರೆ ಆಗುವುದಿಲ್ಲ.

ಈ ಕೊನೆಯ ಮಾತು ಸಣ್ಣದಾಗಿ ಕಂಡರೂ ಕೇಸು ನಿಂತಿರುವುದೇ ಅದರ ಮೇಲೆ. ಕೊರಿಯಾದ ಮಾದರಿ ಒಪ್ಪಂದದಲ್ಲಿ 14 ದಿನದ ಒಂದು ಗಡುವು ಇದೆ. ಒಬ್ಬರು ತಪ್ಪು ಮಾಡಿದರೆ ಇನ್ನೊಬ್ಬರು ಲಿಖಿತವಾಗಿ ಹೇಳಬೇಕು, 14 ದಿನದಲ್ಲಿ ಸರಿಪಡಿಸದಿದ್ದರೆ ಮಾತ್ರ ಒಪ್ಪಂದ ಮುರಿಯಬಹುದು. ಜಗಳ ಆಡುವ ಮೊದಲು ಒಮ್ಮೆ ಬಾಗಿಲು ತಟ್ಟಿ ಎಂಬ ನಿಯಮ. ನ್ಯೂಜೀನ್ಸ್ ಎಂಬ ಇನ್ನೊಂದು ಗರ್ಲ್ ಗ್ರೂಪಿನ ಹುಡುಗಿಯರು 2024ರ ನವೆಂಬರ್‌ನಲ್ಲಿ ಇದೇ ದಾರಿ ಹಿಡಿದರು. 13ಕ್ಕೆ ನೋಟಿಸು, 28ಕ್ಕೆ ಪತ್ರಿಕಾಗೋಷ್ಠಿ, ಕೋರ್ಟಿಗೂ ಹೋಗದೆ ‘ನಮ್ಮ ಒಪ್ಪಂದ ಮುಗಿಯಿತು’ ಎಂಬ ಘೋಷಣೆ. ಗಡುವನ್ನು ಪಾಲಿಸಿದ್ದರು, ಆದರೂ ಸೋತರು. 2025ರ ಮಾರ್ಚ್ 21ರಂದು ಕೋರ್ಟು ಅವರ ಸ್ವತಂತ್ರ ಚಟುವಟಿಕೆಗೆ ತಡೆ ಹಾಕಿತು. ಅಕ್ಟೋಬರ್ 30ರಂದು ಒಪ್ಪಂದ ಊರ್ಜಿತ ಎಂದು ತೀರ್ಪು ಕೊಟ್ಟಿತು. ಬಾಗಿಲು ತಟ್ಟಿದರಷ್ಟೇ ಸಾಲದು, ಒಳಗೆ ನಿಜಕ್ಕೂ ದೊಡ್ಡ ತಪ್ಪು ನಡೆದಿದೆ ಎಂದು ತೋರಿಸಲೂ ಬೇಕು.

ಈ ಏಳು ವರ್ಷದ ಒಪ್ಪಂದವನ್ನು ಬೈಯುವವರು ಅದು ಹುಟ್ಟಿದ್ದು ಯಾಕೆ ಎಂಬುದನ್ನು ಮರೆಯುತ್ತಾರೆ. ಟಿವಿಎಕ್ಸ್‌ಕ್ಯು ಎಂಬ ಹುಡುಗರ ಗುಂಪಿನ ಒಪ್ಪಂದ 13 ವರ್ಷದ್ದಾಗಿತ್ತು. 2009ರಲ್ಲಿ ಐವರಲ್ಲಿ ಮೂವರು ಕೋರ್ಟಿಗೆ ಹೋದರು. ಅದೇ ವರ್ಷ ಕೊರಿಯಾದ ನ್ಯಾಯಯುತ ವ್ಯಾಪಾರ ಆಯೋಗ ಒಂದು ಮಾದರಿ ಒಪ್ಪಂದ ತಂದು, ಏಳು ವರ್ಷವನ್ನು ಮಿತಿಯಾಗಿ ಇಟ್ಟಿತು. ಹಾಗಾಗಿ ಏಳು ವರ್ಷ ಎಂಬುದು ಕಲಾವಿದರನ್ನು ಕಾಪಾಡಲು ಹಾಕಿದ ಬೇಲಿ. ಈಗ ಅದೇ ಬೇಲಿಯನ್ನು ಒಳಗಿನಿಂದ ನೋಡಿದರೆ ಜೈಲಿನ ಹಾಗೆ ಕಾಣುತ್ತದೆ.

ಆ ಲೆಕ್ಕಾಚಾರ ಹಳೆಯ ಕಾಲದ ವೇಗಕ್ಕೆ ಮಾಡಿದ್ದು. ಮೊದಲ ಎರಡು ಮೂರು ವರ್ಷ ನಷ್ಟ, ಆಮೇಲೆ ನಿಧಾನಕ್ಕೆ ಅಭಿಮಾನಿಗಳು, ಆಲ್ಬಂ ಮಾರಾಟ, ಸಂಗೀತ ಕಚೇರಿಗಳು, ಜಾಹೀರಾತು, ಕೊನೆಯ ವರ್ಷಗಳಲ್ಲಿ ಲಾಭ. ಕೆ-ಪಾಪ್‌ನಲ್ಲಿ ದುಡ್ಡು ತರುವುದು ನಿಷ್ಠೆಯ ಅಭಿಮಾನಿ. ಒಬ್ಬನೇ ಐದು ಆಲ್ಬಂ ಕೊಳ್ಳುವವನು, ಫೋಟೊ ಕಾರ್ಡು ಕೂಡಿಡುವವನು, ಕಚೇರಿಗೆ ದೇಶ ದಾಟಿ ಹೋಗುವವನು. ‘ಕ್ಯುಪಿಡ್’ಗೆ ಬಂದವರು ಅಂಥವರಲ್ಲ. ಅವರು ಹಾಡಿನ ಅಭಿಮಾನಿಗಳು, ಗುಂಪಿನ ಅಭಿಮಾನಿಗಳಲ್ಲ. ಮೊದಲೇ ಹೇಳಿದೆನಲ್ಲ, ಯಾರು ಹಾಡಿದ್ದು ಎಂದು ಗೊತ್ತಿಲ್ಲದೆ ಬಳಸಿದವರು ಅಂತ. ಪಟ್ಟಿಯಲ್ಲಿ 17ನೇ ಸ್ಥಾನದಲ್ಲಿ ಕೂತ ಹಾಡಿನ ಹಿಂದೆ ಒಂದು ದೊಡ್ಡ ಸಭಾಂಗಣ ತುಂಬುವಷ್ಟು ಟಿಕೆಟು ಕೊಳ್ಳುವವರು ಇದ್ದಾರಾ ಎಂಬುದು ಬೇರೆಯೇ ಪ್ರಶ್ನೆ. ಹೆಸರು ಆಕಾಶದಷ್ಟಿತ್ತು, ವ್ಯಾಪಾರ ಇನ್ನೂ ನೆಲದ ಮೇಲಿತ್ತು. ಇದು ಒಳಗಿನವರಿಗೆ ಗೊತ್ತಿತ್ತು. ಹುಡುಗಿಯರಿಗೆ ಯಾರಾದರೂ ಕೂರಿಸಿಕೊಂಡು ಹೇಳಿದ್ದರಾ? ನನಗೆ ಅನುಮಾನ.

ಸಣ್ಣ ಏಜೆನ್ಸಿಯ ಕಷ್ಟವೂ ಇಲ್ಲೇ ಇದೆ. ದೊಡ್ಡ ಕಂಪನಿಗಳಲ್ಲಿ ಹಾಡು ಬರೆಯಿಸುವವರಿಂದ ಹಿಡಿದು ಮಾರುವವರವರೆಗೆ ಎಲ್ಲರೂ ಒಂದೇ ಸೂರಿನಡಿ ಇರುತ್ತಾರೆ. ಅಟ್ರಾಕ್ಟ್ ಹಾಡು ತಯಾರಿಸುವ ಕೆಲಸವನ್ನು ಹೊರಗೆ, ದ ಗಿವರ್ಸ್‌ಗೆ ಕೊಟ್ಟಿತ್ತು. ‘ಕ್ಯುಪಿಡ್’ನ ಮೂಲ ಡೆಮೊ, ಅಂದರೆ ಹಾಡಿನ ಕಚ್ಚಾ ರೂಪ, ಬಂದದ್ದು ಸ್ವೀಡನ್ನಿನ ಬರಹಗಾರರಿಂದ, ಕೆ-ಪಾಪ್‌ನಲ್ಲಿ ಇದು ಮಾಮೂಲು, ಎಷ್ಟೋ ಕೊರಿಯನ್ ಹಿಟ್‌ಗಳ ತವರು ಸ್ಟಾಕ್‌ಹೋಮ್. ಆ ರಾಗದ ಹಕ್ಕು ಯಾರ ಹೆಸರಿಗೆ ಬಂತು? ದ ಗಿವರ್ಸ್ ಹೆಸರಿಗೆ. ನಮ್ಮ ಪರವಾಗಿ ಕೊಂಡದ್ದು, ನಮಗೆ ಸೇರಬೇಕು ಎಂದು ಏಜೆನ್ಸಿ ದಾವೆ ಹೂಡಿತು. 2025ರ ಜನವರಿಯಲ್ಲಿ ಕೆಳ ಕೋರ್ಟು ಏಜೆನ್ಸಿಯ ವಾದವನ್ನು ಒಪ್ಪಲಿಲ್ಲ. ಅಂದರೆ ತನಗೆ ಹೆಸರು ತಂದ ಏಕೈಕ ಹಾಡಿನ ಎರಡು ವಸ್ತುಗಳಲ್ಲಿ ಒಂದು ಏಜೆನ್ಸಿಯ ಕೈಯಲ್ಲೂ ಇರಲಿಲ್ಲ. ಹುಡುಗಿಯರಿಗೆ ಎರಡೂ ಇಲ್ಲ, ಏಜೆನ್ಸಿಗೆ ಒಂದು ಇಲ್ಲ. ಇಬ್ಬರಿಗೂ ಇನ್ನೊಬ್ಬರು ತಿಂದುಹಾಕಿದರು ಎಂಬ ಭಾವನೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಅನ್ನಿಸುವುದು.

ಜನ ಮಾತ್ರ ಒಂದು ಪಕ್ಷ ಹಿಡಿದರು. ಗುಂಪು ಕಟ್ಟಲು ಕಾರು, ಕೈಗಡಿಯಾರ ಮಾರಿದೆ ಎಂದು ಏಜೆನ್ಸಿಯ ಮುಖ್ಯಸ್ಥ ಜಿಯೋನ್ ಹಾಂಗ್-ಜುನ್ ಹೇಳಿಕೊಂಡರು. ಆ ಕತೆ ಕೊರಿಯಾದವರ ಕರುಳಿಗೆ ತಾಕಿತು. ಹುಡುಗಿಯರಿಗೆ ‘ಬೆನ್ನಿಗೆ ಇರಿಯುವ ಐಡಲ್‌ಗಳು’ ಎಂಬ ಅರ್ಥದ ಅಡ್ಡಹೆಸರು ಬಿತ್ತು. ಅವರ ಕಡೆಯ ಮಾತನ್ನು ಸ್ವಲ್ಪ ಕೇಳಿಸಿದ ಒಂದು ಟಿವಿ ಕಾರ್ಯಕ್ರಮದ ಮೇಲೂ ಜನ ಮುಗಿಬಿದ್ದರು. ಇದು ನನಗೆ ಸರಿ ಕಾಣುವುದಿಲ್ಲ. ಬಂಡವಾಳ ಹಾಕಿದವನು ಕಷ್ಟಪಟ್ಟಿದ್ದಾನೆ ಎಂಬುದು ಅವನ ಬಗ್ಗೆ ಗೌರವ ಹುಟ್ಟಿಸಬಹುದು, ಲೆಕ್ಕ ಕೇಳುವ ಹಕ್ಕನ್ನು ಅಳಿಸುವುದಿಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ನಿಜ, ಆದರೆ ಆ ಉಪ್ಪನ್ನೂ ಖರ್ಚಿನ ಪಟ್ಟಿಯಲ್ಲಿ ಬರೆದು ವಾಪಸ್ ತೆಗೆದುಕೊಳ್ಳುತ್ತಾರೆ ಎಂದರೆ ಋಣದ ಮಾತು ಎಲ್ಲಿಂದ ಬಂತು?

ಹುಡುಗಿಯರು ಕೇಳಿದ್ದು ಸರಿ, ಕೇಳಿದ ರೀತಿ ತಪ್ಪು ಎಂಬುದು ನನ್ನ ಅಭಿಪ್ರಾಯ. ಹಾಡು ಇನ್ನೂ ಪಟ್ಟಿಯಲ್ಲಿ ಇರುವಾಗ ಒಪ್ಪಂದವನ್ನೇ ಮುರಿಯಲು ಹೋದರು. ಅದರಿಂದ ಹೋದದ್ದೇನು ನೋಡಿ. ಬಾರ್ಬಿ ಹಾಡಿಗೆ ಮಾಡಬೇಕಿದ್ದ ಮ್ಯೂಸಿಕ್ ವಿಡಿಯೊ ನಿಂತುಹೋಯಿತು. ಹಾಡನ್ನು ವೇದಿಕೆಯಲ್ಲಿ ಹಾಡಿ, ಮುಖ ತೋರಿಸಿ, ಹಾಡಿನ ಅಭಿಮಾನಿಯನ್ನು ಗುಂಪಿನ ಅಭಿಮಾನಿಯಾಗಿ ಮಾಡಿಕೊಳ್ಳುವ ತಿಂಗಳುಗಳು ಕೋರ್ಟಿನ ಕಾರಿಡಾರಿನಲ್ಲಿ ಕಳೆದವು. ನಾನು ಹೇಳಿದೆನಲ್ಲ, ದುಡ್ಡಾಗಿ ಬದಲಾಗುವುದು ಆ ಎರಡನೇ ಬಗೆಯ ಅಭಿಮಾನ. ಅದಕ್ಕೆ ಸಮಯವೇ ಸಿಗಲಿಲ್ಲ.

ಲೆಕ್ಕ ತೋರಿಸುವ ವಿಷಯದಲ್ಲಿ ಕೊರಿಯಾ ಸುಮ್ಮನೆ ಕೂತಿಲ್ಲ. ಗಾಯಕ, ನಟ ಲೀ ಸಂಗ್-ಗಿ ತಮ್ಮ ಹಾಡುಗಳ ದುಡ್ಡು 18 ವರ್ಷ ಬಂದೇ ಇಲ್ಲ ಎಂದು 2022ರಲ್ಲಿ ಹೇಳಿದಾಗ ದೇಶಕ್ಕೇ ಆಘಾತ ಆಗಿತ್ತು. ಅಷ್ಟು ದೊಡ್ಡ ತಾರೆಗೇ ಹೀಗಾದರೆ ಉಳಿದವರ ಗತಿ ಏನು ಎಂಬ ಪ್ರಶ್ನೆ ಎದ್ದಿತು. ಅವರ ಹೆಸರಿನಲ್ಲೇ ಕರೆಯುವ ಒಂದು ತಿದ್ದುಪಡಿ ಕಾನೂನಿಗೆ ಬಂತು: ಕಲಾವಿದರು ಕೇಳಲಿ, ಬಿಡಲಿ, ವರ್ಷಕ್ಕೆ ಒಂದು ಸಲವಾದರೂ ಏಜೆನ್ಸಿ ಆದಾಯ-ಖರ್ಚಿನ ವಿವರ ಕೊಡಬೇಕು. ಒಳ್ಳೆಯದೇ. ಹದಿನೆಂಟು ವರ್ಷಕ್ಕೆ ಹೋಲಿಸಿದರೆ ಒಂದು ವರ್ಷ ಚಿನ್ನ. ಆದರೆ ‘ಕ್ಯುಪಿಡ್’ ಬಿಡುಗಡೆಯಿಂದ ಕೋರ್ಟಿನವರೆಗೆ 115 ದಿನ ಎಂಬುದನ್ನು ಅದರ ಪಕ್ಕ ಇಡಿ. ವರ್ಷದ ಲೆಕ್ಕ ಬರುವಷ್ಟರಲ್ಲಿ ಈ ಗುಂಪು ಹುಟ್ಟಿ, ಗೆದ್ದು, ಒಡೆದು, ಹಳೆಯ ಸುದ್ದಿಯಾಗಿತ್ತು.

ಬೇಕಿರುವುದು ದೊಡ್ಡ ಸುಧಾರಣೆ ಏನಲ್ಲ. ತಿಂಗಳಿಗೆ ಒಂದು ಹಾಳೆ ಸಾಕು. ಈವರೆಗೆ ಹಾಕಿದ ಬಂಡವಾಳ ಇಷ್ಟು. ಬಂದದ್ದು ಇಷ್ಟು. ಬರಬೇಕಾದದ್ದು ಅಂದಾಜು ಇಷ್ಟು, ಬರುವುದು ಯಾವಾಗ. ನಿಮ್ಮ ಪಾಲು ಶುರುವಾಗಲು ಇನ್ನು ಎಷ್ಟು ಬಾಕಿ. ಸ್ಟ್ರೀಮಿಂಗ್ ಆ್ಯಪ್‌ಗಳು ಯಾವ ಊರಿನಲ್ಲಿ ಎಷ್ಟು ಜನ ಕೇಳಿದರು ಎಂಬುದನ್ನು ಆಗಾಗ್ಗೆ ತೋರಿಸುತ್ತವೆ. ಎಣಿಕೆ ಇಷ್ಟು ಬೇಗ ಸಿಗುವ ಕಾಲದಲ್ಲಿ ಅಂದಾಜು ಲೆಕ್ಕ ಕೊಡಲು ಕಷ್ಟ ಎಂದು ಯಾವ ಏಜೆನ್ಸಿ ಹೇಳಿದರೂ ನಂಬುವುದು ಕಷ್ಟ. ಎಣಿಕೆ ಹುಡುಗಿಯರ ಫೋನಿನಲ್ಲೂ ಕಾಣುತ್ತದೆ, ದುಡ್ಡು ಕಾಣುವುದಿಲ್ಲ. ಅನುಮಾನ ಹುಟ್ಟಲು ಹೊರಗಿನವರು ಬಂದು ಊದಲೇಬೇಕು ಎಂದೇನೂ ಇಲ್ಲ.

ಮುಂದಿನದ್ದು ಬೇಗ ಹೇಳಬಹುದು. 2023ರ ಅಕ್ಟೋಬರ್‌ನಲ್ಲಿ ಕೀನಾ ಮೇಲ್ಮನವಿ ಹಿಂತೆಗೆದುಕೊಂಡು ಏಜೆನ್ಸಿಗೆ ಮರಳಿದರು. ಉಳಿದ ಮೂವರ ಒಪ್ಪಂದವನ್ನು ಏಜೆನ್ಸಿಯೇ ರದ್ದು ಮಾಡಿತು. ಅದೇ ತಿಂಗಳು ಅವರ ಮೇಲ್ಮನವಿಯೂ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕೀನಾ ಮತ್ತು ನಾಲ್ವರು ಹೊಸಬರು ಸೇರಿ ಫಿಫ್ಟಿ ಫಿಫ್ಟಿ ಐವರ ಗುಂಪಾಗಿ ವಾಪಸ್ ಬಂತು. 2025ರಲ್ಲಿ ‘ಪೂಕಿ’ ಎಂಬ ಹಾಡು ಕೊರಿಯಾದ ಒಳಗೆ ಚೆನ್ನಾಗಿ ಓಡಿತು. ಸೇನಾ, ಆರಾನ್, ಶಿಯೋ ‘ಏಬ್ಲೂಮ್’ ಎಂಬ ಬೇರೆ ಹೆಸರಿನಲ್ಲಿ ಹಾಡುತ್ತಿದ್ದಾರೆ. ಹಳೆಯ ಹೆಸರು ಅವರದ್ದಲ್ಲ, ಏಜೆನ್ಸಿಯದ್ದು.

ಮೊನ್ನೆ ಇದನ್ನು ಬರೆಯುವ ಮೊದಲು ‘ಟ್ವಿನ್ ವರ್ಷನ್’ ಇನ್ನೊಮ್ಮೆ ಹಾಕಿದೆ, ಅಸಲಿ ವೇಗದಲ್ಲೇ. ಪರದೆಯ ಮೇಲೆ ಗುಂಪಿನ ಹೆಸರು ಫಿಫ್ಟಿ ಫಿಫ್ಟಿ. ಇವತ್ತಿನ ಗುಂಪಿನಲ್ಲಿ ಹಳಬರು ಎಂದರೆ ಕೀನಾ ಒಬ್ಬರೇ, ಅವರ ರಾಪ್ ಇರುವುದು ಕೊರಿಯನ್ ಹಾಡಿನಲ್ಲಿ. ಇದರಲ್ಲಿ ಕೇಳಿಸುತ್ತಿದ್ದದ್ದು ಆರಾನ್ ಮತ್ತು ಶಿಯೋ ಮಾತ್ರ. ಹೆಸರು ಒಂದು ಕಡೆ ಉಳಿದಿದೆ, ದನಿಗಳು ಇನ್ನೊಂದು ಕಡೆ ಹೋಗಿವೆ, ರಾಗದ ಹಕ್ಕು ಮೂರನೇ ಕಡೆ ಇದೆ. ಹಾಡು ಮುಗಿದ ಕೂಡಲೇ ಆ್ಯಪು ತಾನಾಗಿ ಅದರ ವೇಗ ಹೆಚ್ಚಿಸಿದ ರೂಪವನ್ನು ಶುರು ಮಾಡಿತು.